ವಾಸ್ತವವಾದ ಒಂದು ದೇಶದ ವಿದೇಶಾಂಗ ನೀತಿಯನ್ನು ಹೇಗೆ ವಿವರಿಸುತ್ತದೆ?

ದೇಶಗಳು ತತ್ವಕ್ಕಿಂತ ತಮ್ಮ ಬಲ, ರಕ್ಷಣೆ ನೋಡಿಕೊಂಡು ನಡೆಯುತ್ತವೆ ಅನ್ನೋ ಸಿದ್ಧಾಂತವೇ ವಾಸ್ತವವಾದ. ಅದರ ವ್ಯಾಖ್ಯೆಗಳೆಲ್ಲ ಬಾಯಿಪಾಠ ಆಗಿವೆ, ಆದರೆ ಉದಾಹರಣೆ ಕೊಡಿ ಅಂದರೆ ಕೈ ನಿಲ್ಲುತ್ತದೆ ಅಂತ ಬರೆದಿದ್ದೀರಿ. ಓದುವಾಗ ನನ್ನ ಗೋಳೂ ಇದೇ ಆಗಿತ್ತು. 1971ರ ಕಥೆ ಹಿಡಿದ ಮೇಲೇ ವಿಷಯ ತಲೆಗೆ ಹೋಗಿದ್ದು.

ಆ ಜುಲೈನಲ್ಲಿ ಅಮೆರಿಕ ಅಧ್ಯಕ್ಷ ನಿಕ್ಸನ್‌ರ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ಪಾಕಿಸ್ತಾನಕ್ಕೆ ಬಂದರು. ಸಾಹೇಬರಿಗೆ ಹೊಟ್ಟೆ ಸರಿಯಿಲ್ಲ, ನಥಿಯಾಗಲಿ ಗಿರಿಧಾಮದಲ್ಲಿ ವಿಶ್ರಾಂತಿ ತೆಗೆದುಕೊಳ್ಳುತ್ತಾರೆ ಅಂತ ಸುದ್ದಿ ಹಬ್ಬಿಸಿದರು. ಅಷ್ಟರಲ್ಲಿ ಅವರು ನಸುಕಿನಲ್ಲೇ ವಿಮಾನ ಹತ್ತಿ ಬೀಜಿಂಗ್ ಸೇರಿದ್ದರು! ಕಮ್ಯುನಿಸ್ಟ್ ವಿರೋಧಿ ಅಂತಲೇ ಹೆಸರು ಮಾಡಿದ್ದ ನಿಕ್ಸನ್‌ಗೆ ಕಮ್ಯುನಿಸ್ಟ್ ಚೀನಾದ ನಾಯಕ ಮಾವೋ ಸ್ನೇಹ ಬೇಕಾಗಿತ್ತು. ಯಾಕೆಂದರೆ ಇಬ್ಬರಿಗೂ ಸೋವಿಯತ್ ಭಯ. ಚೀನಾ ಮತ್ತು ಸೋವಿಯತ್ ಸೈನಿಕರು 1969ರಲ್ಲಿ ಗಡಿಯಲ್ಲಿ ಹೊಡೆದಾಡಿಕೊಂಡಿದ್ದರು.

ಈ ಭೇಟಿಗೆ ಮಧ್ಯಸ್ಥಿಕೆ ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್‌ರದ್ದು. ಅವರ ಸೇನೆ ಪೂರ್ವ ಪಾಕಿಸ್ತಾನದಲ್ಲಿ (ಇಂದಿನ ಬಾಂಗ್ಲಾದೇಶ) ಜನರನ್ನು ಕೊಲ್ಲುತ್ತಿದೆ ಅಂತ ಢಾಕಾದಲ್ಲಿದ್ದ ಅಮೆರಿಕದ್ದೇ ಅಧಿಕಾರಿ ಆರ್ಚರ್ ಬ್ಲಡ್ ಮತ್ತು ಸಹೋದ್ಯೋಗಿಗಳು ಏಪ್ರಿಲ್‌ನಲ್ಲೇ ತಂತಿ ಕಳಿಸಿದ್ದರು. ವಾಷಿಂಗ್ಟನ್ ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ದೆಹಲಿಯಲ್ಲಿ ಕೂತು ನೋಡಿ. ಪಾಕಿಸ್ತಾನ, ಚೀನಾ, ಅಮೆರಿಕ ಮೂವರೂ ಒಂದು ಕಡೆ. ಆಗಸ್ಟ್ 9ರಂದು, ಯಾವ ಬಣಕ್ಕೂ ಸೇರಲ್ಲ ಅನ್ನುತ್ತಿದ್ದ ಅಲಿಪ್ತ ಭಾರತ ಸೋವಿಯತ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. ಒಬ್ಬರ ಮೇಲೆ ದಾಳಿಯಾದರೆ ಅಥವಾ ದಾಳಿಯ ಭಯವಿದ್ದರೆ ಕೂಡಲೇ ಕೂತು ಮಾತಾಡಬೇಕು ಅಂತ ಅದರ 9ನೇ ವಿಧಿ ಹೇಳುತ್ತದೆ. ಡಿಸೆಂಬರ್‌ನಲ್ಲಿ ಭಾರತ-ಪಾಕ್ ಯುದ್ಧವಾದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಸೋವಿಯತ್ ಮೂರು ಸಲ ವೀಟೋ ಹಾಕಿ ಭಾರತದ ಪರ ನಿಂತಿತು.

ವಾಸ್ತವವಾದಿ ಇದನ್ನು ಓದುವುದು ಹೀಗೆ. ಬೀದಿ ಜಗಳವಾದರೆ ನಾವು ಠಾಣೆಗೆ ಹೋಗಬಹುದು. ದೇಶಗಳಿಗೆ ಹೋಗೋಕೆ ಠಾಣೆಯೇ ಇಲ್ಲ. ತಮ್ಮ ರಕ್ಷಣೆ ತಾವೇ ನೋಡಿಕೊಳ್ಳಬೇಕು. ಒಂದು ಕಡೆ ಬಲ ಜಾಸ್ತಿಯಾದರೆ ಇನ್ನೊಂದು ಕಡೆ ಸೇರುತ್ತವೆ. ನಿಕ್ಸನ್ ಮಾಡಿದ್ದೂ ಅದೇ, ಇಂದಿರಾ ಮಾಡಿದ್ದೂ ಅದೇ. ಸಿದ್ಧಾಂತ, ತತ್ವ ಎಲ್ಲ ಆಮೇಲೆ. ಇದಕ್ಕೇ ಬಲ ಸಮತೋಲನ ಅನ್ನೋದು. ವಾಸ್ತವವಾದದ ಇಬ್ಬರು ದೊಡ್ಡ ಚಿಂತಕರಲ್ಲಿ ಮಾರ್ಗೆಂಥೌ ಇದರ ಬೇರನ್ನು ಮನುಷ್ಯನ ಅಧಿಕಾರದಾಸೆಯಲ್ಲಿ ಹುಡುಕಿದರು, ವಾಲ್ಟ್ಜ್ ಠಾಣೆಯಿಲ್ಲದ ವ್ಯವಸ್ಥೆಯಲ್ಲಿ.

ಆದರೆ ಒಂದು ಕಡೆ ಎಚ್ಚರ. ವಾಲ್ಟ್ಜ್ ತಮ್ಮ ಸಿದ್ಧಾಂತ ವಿದೇಶಾಂಗ ನೀತಿಯದ್ದಲ್ಲ ಅಂತ ತಾವೇ ಹೇಳಿದ್ದರು. ಬಲದ ಲೆಕ್ಕ ಗೊತ್ತಾದರೆ ಯಾವ ಒತ್ತಡವಿತ್ತು ಅನ್ನೋದು ತಿಳಿಯುತ್ತದೆ, ಅಷ್ಟೇ. ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಬಂದದ್ದು, ನಿಕ್ಸನ್‌ಗೆ ಇಂದಿರಾ ಮೇಲಿದ್ದ ಸಿಟ್ಟು, ಇವು ಆ ಲೆಕ್ಕದಲ್ಲಿ ಸಿಗಲ್ಲ ಅಲ್ವಾ? ನಾಯಕರ ಮನಸ್ಸು, ಒಳಗಿನ ರಾಜಕೀಯ ಎರಡನ್ನೂ ಸೇರಿಸಿಕೊಂಡ ಕವಲಿಗೆ ನವ ಶಾಸ್ತ್ರೀಯ ವಾಸ್ತವವಾದ ಅಂತಾರೆ. ವಿದ್ವಾಂಸ ಗಿಡಿಯನ್ ರೋಸ್ 1998ರಲ್ಲಿ ಕೊಟ್ಟ ಹೆಸರು ಅದು. ನಿಮ್ಮ ಪ್ರಶ್ನೆಯಲ್ಲಿ ‘ವಿದೇಶಾಂಗ ನೀತಿ’ ಅನ್ನೋ ಪದ ಇರೋದರಿಂದ ನಾನಾದರೆ ಇದಕ್ಕೇ ಜಾಸ್ತಿ ಜಾಗ ಕೊಡುತ್ತಿದ್ದೆ.