ಸಹಿ ಕೇಳಿದ ತವರು, ಸಹಿ ಪಡೆದ ಮನೆ

ಪ್ರಶ್ನೆ: ನನ್ನ ತವರು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಮದುವೆಯಾಗಿ ಚಿಂತಾಮಣಿಗೆ ಬಂದು ಹದಿನೇಳು ವರ್ಷವಾಯಿತು. ಕಳೆದ ವರ್ಷ ಅಪ್ಪ ತೀರಿಕೊಂಡರು. ವಿಲ್ ಬರೆದಿರಲಿಲ್ಲ. ತಾತನ ಕಾಲದಿಂದ ಬಂದ ನಾಲ್ಕು ಎಕರೆ ಹಿಪ್ಪುನೇರಳೆ ತೋಟವಿದೆ. ಖಾತೆ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅಣ್ಣ ನನ್ನಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುತ್ತಿದ್ದಾನೆ. ಎರಡು ಎಕರೆಯನ್ನು ಲೇಔಟ್ ಮಾಡುವವರು ಬಂದು ನೋಡಿಕೊಂಡು ಹೋಗಿದ್ದಾರಂತೆ. ‘ಅಪ್ಪನನ್ನು ಕೊನೆಯವರೆಗೆ ನೋಡಿಕೊಂಡವನು ನಾನು, ಮೂರು ಬೋರ್‌ವೆಲ್ ಕೊರೆಸಿ ಸಾಲ ಹೊತ್ತವನು ನಾನು’ ಎನ್ನುತ್ತಾನೆ. ಅದು ಸುಳ್ಳಲ್ಲ. ‘ಸಹಿ ಹಾಕಿಬಿಡು, ತವರಿನ ಬಾಗಿಲು ಮುಚ್ಚಿಸಿಕೊಳ್ಳಬೇಡ’ ಎಂದು ಅಮ್ಮ ಅಳುತ್ತಾರೆ. ‘ಪಾಲು ಬಿಟ್ಟುಕೊಟ್ಟು ಬಂದರೆ ಈ ಮನೆಯ ಹೊಸ್ತಿಲು ತುಳಿಯಬೇಡ’ ಎನ್ನುತ್ತಾರೆ ನಮ್ಮ ಯಜಮಾನರು. 2021ರಲ್ಲಿ ನನ್ನ ಇಬ್ಬರು ನಾದಿನಿಯರು ಒಂದು ಮಾತೂ ಆಡದೆ ನಮ್ಮ ಯಜಮಾನರಿಗೆ ಸಹಿ ಹಾಕಿಕೊಟ್ಟಿದ್ದರು. ಆ ದಿನ ಹೋಳಿಗೆ ಊಟ ಮಾಡಿಸಿ, ಒಬ್ಬೊಬ್ಬರಿಗೆ ಒಂದು ರೇಷ್ಮೆ ಸೀರೆ ಕೊಟ್ಟು ಕಳಿಸಿದ್ದೆವು. ಕಿರಿಯವಳು ಗಂಡನನ್ನು ಕಳೆದುಕೊಂಡು ಈಗ ಗೌರಿಬಿದನೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಅವರ ಹಾಗೆ ನಾನೂ ನಗುನಗುತ್ತಾ ಸಹಿ ಹಾಕಿಬಿಡಬೇಕೇ? ರಾತ್ರಿ ನಿದ್ದೆ ಬರುವುದಿಲ್ಲ.

– ಹೆಸರು ಬೇಡ, ಚಿಂತಾಮಣಿ

ಉತ್ತರ: ತಂಗೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಿಮ್ಮ ಅಣ್ಣನ ಮೇಲೆ ಸಿಟ್ಟು ಬಂದಿತು. ಎರಡನೆಯ ಸಲ ಹೋಳಿಗೆಯ ಮಾತು ಬಂದಲ್ಲಿ ನಿಂತುಬಿಟ್ಟೆ. ಕೇಳಿದ ಪ್ರಶ್ನೆಗೆ ಆ ಸಾಲು ಬೇಕಿರಲಿಲ್ಲ. ಆದರೂ ಬರೆದಿದ್ದೀರಿ. ನಿದ್ದೆ ಕೆಡಿಸಿರುವುದು ಅದೇ ಇರಬೇಕು. ಅಲ್ಲಿಗೆ ಆಮೇಲೆ ಬರುತ್ತೇನೆ.

ಕಾನೂನಿನ ಮಾತು ಚಿಕ್ಕದು, ಮೊದಲು ಅದನ್ನು ಮುಗಿಸೋಣ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ನಮ್ಮ ರಾಜ್ಯ 1994ರಲ್ಲೇ ತಿದ್ದುಪಡಿ ತಂದಿತ್ತು. ಆದರೆ ಅಷ್ಟರೊಳಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಗೆರೆಯೂ ಅಳಿಸಿಹೋಯಿತು. ಈ ಹಕ್ಕು ಮಗಳಿಗೆ ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. ಹಾಗಾಗಿ ಆ ನಾಲ್ಕು ಎಕರೆಯಲ್ಲಿ ನಿಮಗೂ ಅಣ್ಣನಿಗೂ ಸಮಪಾಲು. ಇನ್ನೊಬ್ಬರನ್ನು ನೀವು, ಅಣ್ಣ, ಯಜಮಾನರು ಮೂವರೂ ಮರೆತಿದ್ದೀರಿ. ಅಪ್ಪನ ಭಾಗ ಎಂದು ಯಾವುದು ಬರುತ್ತದೆಯೋ ಅದರಲ್ಲಿ ಅಮ್ಮನಿಗೂ ಮಕ್ಕಳಷ್ಟೇ ಹಕ್ಕಿದೆ. ಸಹಿ ಹಾಕು ಎಂದು ಅಳುವ ತಾಯಿಗೆ ತನ್ನ ಪಾಲಿನ ಸುದ್ದಿಯನ್ನು ಯಾರೂ ಹೇಳಿರಲಾರರು. ಇನ್ನು ಖಾತೆಯ ವಿಷಯ. ಪೌತಿ ಖಾತೆ ಮಾಡಿಸಲು ನೀವು ಹಕ್ಕು ಬಿಡಬೇಕಾಗಿಲ್ಲ. ವಂಶವೃಕ್ಷದಲ್ಲಿರುವ ಎಲ್ಲ ವಾರಸುದಾರರ ಹೆಸರಿಗೂ ಜಂಟಿಯಾಗಿ ಖಾತೆ ಆಗುತ್ತದೆ. ಆ ವಂಶವೃಕ್ಷವನ್ನೊಮ್ಮೆ ನೀವೇ ನೋಡಿ. ಹೆಣ್ಣುಮಕ್ಕಳೆಂಬ ಕೊಂಬೆಯೇ ಇಲ್ಲದ ವಂಶವೃಕ್ಷಗಳು ನಮ್ಮಲ್ಲಿ ಅಪರೂಪವೇನಲ್ಲ.

ಇಷ್ಟಾದ ಮೇಲೂ ನಿಮ್ಮ ಅಣ್ಣನನ್ನು ಕೆಟ್ಟವನೆಂದು ಕರೆಯಲು ನನಗೆ ಮನಸ್ಸಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ನಿಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ ಇಳಿದರೂ ಬರೀ ದೂಳು ಬರುವುದುಂಟು. ಮೂರು ಸಲ ಆ ಜೂಜಾಡಿದವನಿಗೆ ಈ ಮಣ್ಣು ತನ್ನದೇ ಅನ್ನಿಸಿದರೆ ಆಶ್ಚರ್ಯವಿಲ್ಲ. ರಾತ್ರಿ ಹೊತ್ತು ಅಪ್ಪನನ್ನು ಶೌಚಕ್ಕೆ ಎಬ್ಬಿಸಿದವನು, ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದವನು ಅವನೇ ಇರಬೇಕು. ಅತ್ತಿಗೆಯ ದುಡಿಮೆಯನ್ನಂತೂ ನೀವೂ ಬರೆದಿಲ್ಲ, ಅಣ್ಣನೂ ಹೇಳಿಲ್ಲ. ಇದೆಲ್ಲ ಲೆಕ್ಕಕ್ಕೆ ಬರಲೇಬೇಕು.

ಆದರೆ ಲೆಕ್ಕ ಎಂದ ಮೇಲೆ ಎರಡೂ ಕಡೆಯದು ಬರಬೇಕಲ್ಲ. ಇಷ್ಟು ವರ್ಷದ ರೇಷ್ಮೆಗೂಡಿನ ಹಣ ಯಾರ ಕೈ ಸೇರಿತು? ಅದಕ್ಕೂ ಹಿಂದೆ, ಮದುವೆಗೆ ಮೊದಲು, ಹುಳು ಮನೆಯಲ್ಲಿ ದುಡಿದವರು ಯಾರು? ರೇಷ್ಮೆ ಸಾಕುವ ಮನೆಯಲ್ಲಿ ಬೆಳೆದ ಹೆಣ್ಣುಮಗಳಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ನಾಲ್ಕನೇ ಜ್ವರ ಎದ್ದ, ಎಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳುವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಪರೀಕ್ಷೆಯ ಪುಸ್ತಕ ಮಡಚಿಟ್ಟು ಸೊಪ್ಪು ಹಾಕಿದ, ಹಣ್ಣಾದ ಹುಳು ಆರಿಸಿ ಗೂಡು ಕಟ್ಟುವ ಚಂದ್ರಂಕಿಗೆ ಬಿಟ್ಟ ಕೈಗಳಲ್ಲಿ ನಿಮ್ಮವೂ ಇದ್ದವು. ಆ ದುಡಿಮೆಗೆ ಯಾರೂ ಚೀಟಿ ಬರೆದಿಡಲಿಲ್ಲ, ಅಷ್ಟೇ. ‘ನಿನ್ನ ಮದುವೆಗೆ ಖರ್ಚು ಮಾಡಿಲ್ಲವೇ’ ಎಂಬ ಮಾತೂ ಬಂದೇ ಬರುತ್ತದೆ. ಅಣ್ಣನ ಮದುವೆಯೂ ಪುಕ್ಕಟೆಯಾಗಿ ಆಗಿರಲಾರದು.

ನನ್ನದೊಂದು ಕಥೆ ಹೇಳುತ್ತೇನೆ. ನನ್ನ ತವರು ತಿಪಟೂರಿನ ಕಡೆ, ತೆಂಗಿನ ತೋಟದ ಮನೆ. 1998ರಲ್ಲಿ ನಾನೂ ಸಹಿ ಹಾಕಿದೆ. ಬಸ್ಸಿನಿಂದ ಇಳಿದವಳನ್ನು ನೇರವಾಗಿ ಕಚೇರಿಗೆ ಕರೆದೊಯ್ದು, ಬೆರಳು ತೋರಿಸಿದಲ್ಲೆಲ್ಲ ಬರೆಸಿಕೊಂಡು, ಸಂಜೆ ಸೀರೆ ಕೊಟ್ಟರು. ಅಣ್ಣ ಕೆಟ್ಟವನಲ್ಲ, ಗೌರಿ ಹಬ್ಬಕ್ಕೆ ಇಂದಿಗೂ ತೆಂಗಿನಕಾಯಿ ತಪ್ಪಿಸಿಲ್ಲ. ಅವನು ಕೂರಿಸಿಕೊಂಡು ಕೇಳಿದ್ದರೂ ಬಹುಶಃ ನಾನು ಕೊಟ್ಟುಬಿಡುತ್ತಿದ್ದೆ. ಕೇಳಲೇ ಇಲ್ಲ ಎನ್ನುವುದು ಮಾತ್ರ ಇನ್ನೂ ಚುಚ್ಚುತ್ತದೆ. ಆ ಸೀರೆಯನ್ನು ಎರಡು ಸಲ ಉಟ್ಟಿರಬಹುದು.

ಆದ್ದರಿಂದ ಸಬ್ ರಿಜಿಸ್ಟ್ರಾರ್ ಕಚೇರಿಯ ದಿನಕ್ಕೆ ಮುಂಚೆ ಒಂದು ದಿನ ತವರಿಗೆ ಹೋಗಿ ಕುಳಿತುಕೊಳ್ಳಿ. ಯಜಮಾನರನ್ನು ಕರೆದುಕೊಂಡು ಹೋಗಬೇಡಿ. ಅಳಿಯ ಎದುರಿಗಿದ್ದರೆ ಅದು ಅಣ್ಣ ತಂಗಿಯ ಮಾತಾಗಿ ಉಳಿಯುವುದಿಲ್ಲ, ಬೀಗರ ಪಂಚಾಯಿತಿಯಾಗುತ್ತದೆ. ಅಮ್ಮನೂ ಅತ್ತಿಗೆಯೂ ಇರಲಿ. ‘ಅಣ್ಣಾ, ನೀನು ಮಾಡಿದ್ದನ್ನು ನಾನು ಮರೆತಿಲ್ಲ. ಆದರೆ ಈ ಮನೆಯಲ್ಲಿ ನಾನೂ ಹುಟ್ಟಿದ್ದೇನೆ. ಸಾಲ ಎಷ್ಟಿದೆ, ಲೇಔಟಿನವರು ಎಷ್ಟು ಹೇಳಿದ್ದಾರೆ, ಎಲ್ಲವನ್ನೂ ಮುಂದಿಡು. ನೋಡಿ ಹೇಳುತ್ತೇನೆ’ ಎನ್ನಿ. ಇಷ್ಟಕ್ಕೇ ಮುಚ್ಚಿಹೋಗುವ ಬಾಗಿಲಾದರೆ ಅದು ನಿಮ್ಮ ಸಹಿಗಾಗಿ ತೆರೆದಿಟ್ಟಿದ್ದ ಬಾಗಿಲು.

ಅಣ್ಣನಷ್ಟೇ ಪಾಲು ಕೇಳಲೇಬೇಕೆಂದು ನಾನು ಹೇಳುತ್ತಿಲ್ಲ. ಬೋರ್‌ವೆಲ್ ಸಾಲವನ್ನು ಒಟ್ಟಿನಲ್ಲಿ ಮೊದಲು ಕಳೆಯಬಹುದು. ಬೋರ್‌ವೆಲ್ ಇರುವ ತೋಟವನ್ನು ಅಣ್ಣನಿಗೆ ಬಿಟ್ಟು, ಮಾರುವ ಎರಡು ಎಕರೆಯ ಹಣದಲ್ಲಿ ಭಾಗ ಕೇಳಬಹುದು. ಅಥವಾ ಕಡಿಮೆ ಗುಂಟೆಗೆ ಒಪ್ಪಬಹುದು. ಅಮ್ಮನ ಭಾಗ ಮಾತ್ರ ಅವರ ಹೆಸರಿನಲ್ಲೇ ಇರಲಿ, ಸೊಸೆಯ ಮುಂದೆ ಮುದುಕಿ ಕೈಚಾಚುವುದು ತಪ್ಪುತ್ತದೆ. ಏನೇ ತೀರ್ಮಾನವಾದರೂ ಅದು ಪತ್ರದಲ್ಲಿ ಬರಲಿ, ನೋಂದಣಿಯಾಗಲಿ. ‘ಆಮೇಲೆ ನೋಡಿಕೊಳ್ಳೋಣ’ ಎಂಬ ಮಾತನ್ನು ನಂಬಿ ಸಹಿ ಹಾಕಬೇಡಿ. ವಕೀಲರ ಫೀಸಿಗೆ ಹೆದರಬೇಡಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ನಿಮ್ಮ ಊರಿನ ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಎಲ್ಲವನ್ನೂ ತಿಳಿದ ಮೇಲೆ, ಯಾರ ಬೆದರಿಕೆಯೂ ಇಲ್ಲದೆ, ಇಡೀ ಪಾಲನ್ನು ಅಣ್ಣನಿಗೇ ಕೊಡಬೇಕು ಎನ್ನಿಸಿದರೆ ಕೊಡಿ. ಅದನ್ನು ದಾನವೆಂದು ನಾನೂ ಒಪ್ಪುತ್ತೇನೆ.

ಇನ್ನು ಹೋಳಿಗೆ.

2021ರಲ್ಲಿ ನಿಮ್ಮ ಮನೆಯ ಚಾಪೆಯ ಮೇಲೆ ಕುಳಿತು ಸಹಿ ಹಾಕಿದವರು ಇಬ್ಬರು ಹೆಣ್ಣುಮಕ್ಕಳು. ಅವರ ಅಣ್ಣ ನಿಮ್ಮ ಯಜಮಾನರು. ಆಗ ಅವರಿಗೆ ನೆನಪಾಗದ ಹೆಣ್ಣುಮಕ್ಕಳ ಹಕ್ಕು ಈಗ ನೆನಪಾಗಿರುವುದು ಶಿಡ್ಲಘಟ್ಟದ ನಾಲ್ಕು ಎಕರೆಯನ್ನು ನೋಡಿ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವ ಗಾದೆ ಅವರ ತಂಗಿಯರಿಗೆ ಅನ್ವಯ, ಹೆಂಡತಿಗೆ ಅಲ್ಲ. ಹೊಸ್ತಿಲು ತುಳಿಯಬೇಡ ಎಂಬ ಬೆದರಿಕೆಗೆ ನೀವು ಹೆದರಬೇಕಾಗಿಲ್ಲ. ತವರಿನಿಂದ ಏನಾದರೂ ಬಂದರೆ ಅದು ನಿಮ್ಮ ಹೆಸರಿನಲ್ಲೇ, ನಿಮ್ಮ ಖಾತೆಯಲ್ಲೇ ಇರಲಿ. ‘ನಿಮ್ಮ ತಂಗಿಯರು ಪಾಲು ಕೇಳಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಒಂದು ರಾತ್ರಿ ಊಟವಾದ ಮೇಲೆ ಕೇಳಿ ನೋಡಿ. ಜಗಳದ ದನಿಯಲ್ಲಿ ಬೇಡ.

ಆ ದಿನ ಬಡಿಸಿದವರು ನೀವು. ಈ ಮಾತು ಕಹಿಯಾಗಿರುತ್ತದೆಂದು ನನಗೆ ಗೊತ್ತು. ಅವರು ಒಂದು ಮಾತೂ ಆಡಲಿಲ್ಲ ಎಂದು ಮೆಚ್ಚಿ ಬರೆದಿದ್ದೀರಿ. ಈಗ ನೀವೂ ಅಣ್ಣನ ಮುಂದೆ ಮಾತಾಡದೆ ಕುಳಿತಿದ್ದೀರಲ್ಲ, ಒಳಗೆ ಏನಿದೆ ಎಂಬುದು ನಿಮಗೆ ಗೊತ್ತಿದೆ. ಅವರ ಒಳಗೂ ಅದೇ ಇದ್ದಿರಬಹುದು. ನೋಂದಣಿಯಾದ ಬಿಡುಗಡೆ ಪತ್ರವನ್ನು ಅವರು ಈಗ ರದ್ದು ಮಾಡಿಸುವುದು ಸುಲಭವಲ್ಲ. ಆದರೆ ಪಡೆದವರು ತಾವಾಗಿ ಹಿಂದಕ್ಕೆ ಕೊಡುವುದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ. ಸ್ವಲ್ಪ ಜಮೀನೋ, ಒಂದಿಷ್ಟು ಹಣವೋ, ಕಿರಿಯವಳ ಮಕ್ಕಳ ಹೆಸರಿನಲ್ಲಿ ಠೇವಣಿಯೋ ಆಗಬಹುದು. ಯಜಮಾನರು ಒಪ್ಪದೆ ಹೋಗಬಹುದು. ಆಗಲೂ ನಿಮ್ಮ ಪಾಲಿನಲ್ಲಿ ಏನು ಕೊಡಬೇಕೆಂಬುದು ನಿಮ್ಮ ಕೈಯಲ್ಲೇ ಇದೆ.

ಮುಂದಿನ ಭಾನುವಾರ ಗೌರಿಬಿದನೂರಿಗೆ ಹೋಗಿ ಬನ್ನಿ. ಗಾರ್ಮೆಂಟ್ಸ್‌ಗೆ ಹೋಗುವವಳಿಗೆ ಬಿಡುವು ಸಿಗುವುದು ಆ ದಿನವೇ. ಚಿಂತಾಮಣಿಯಿಂದ ಚಿಕ್ಕಬಳ್ಳಾಪುರದ ಮೇಲೆ ಹೋಗುವ ದಾರಿಯಲ್ಲಿ ಶಿಡ್ಲಘಟ್ಟ ಮೊದಲೇ ಸಿಗುತ್ತದೆ. ಹೋಗುವಾಗ ಅಲ್ಲಿ ಇಳಿಯಬೇಡಿ. ಬರುವಾಗ ಇಳಿಯಿರಿ.