ದೂರ ಮಲಗುವ ಮುಂಚೆ ಒಂದು ಮಾತು

ಕೊಲೈಟಿಸ್ (ದೊಡ್ಡ ಕರುಳಿನ ಉರಿಯೂತ) ಇದೆ, ಒಟ್ಟಿಗಿರುವಾಗ ನಡುವೆಯೇ ಟಾಯ್ಲೆಟ್‌ಗೆ ಓಡಬೇಕಾದೀತು ಅಂತ ಹೆದರಿ ಹೆಂಡತಿಯಿಂದ ದೂರ ಮಲಗುತ್ತೇನೆ, ಏನು ಮಾಡಲಿ ಅಂತ ತೀರ್ಥಹಳ್ಳಿಯಿಂದ ಕೇಳಿದ್ದೀರಿ. ನಮ್ಮ ಯಜಮಾನರಿಗೂ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಲ್ಲಿ ಹುಣ್ಣಾಗುವ ಕೊಲೈಟಿಸ್. ಹಾಗಾಗಿ ಹೆಂಡತಿಯ ಕಡೆಯಿಂದ ಹೇಳುತ್ತೇನೆ. ನೀವು ಸುಮ್ನೆ ದೂರ ಸರಿದರೆ ಅವರಿಗೆ ನಿಮ್ಮ ಹೊಟ್ಟೆಯ ಕಷ್ಟ ಹೊಳೆಯುವುದಿಲ್ಲ, ತಾನೇ ಬೇಡವಾದೆ ಅನ್ನಿಸುತ್ತದೆ. ಮೊದಲು ಬಾಯಿಬಿಟ್ಟು ಹೇಳಿ. ಇದು ಅಂಟುವ ಕಾಯಿಲೆ ಅಲ್ಲ ಅನ್ನುವುದನ್ನೂ ಹೇಳಿ.

ಊಟ ಆದ ಕೂಡಲೇ ದೊಡ್ಡ ಕರುಳು ಚುರುಕಾಗುತ್ತದೆ. ಅದಕ್ಕೇ ರಾತ್ರಿ ಊಟ ಬೇಗ ಮುಗಿಸಿ, ಸ್ವಲ್ಪ ಹೊತ್ತು ಬಿಡಿ. ನಮ್ಮ ಕಡೆ ಹಳೇ ಮನೆಗಳಲ್ಲಿ ಟಾಯ್ಲೆಟ್ ಹಿತ್ತಲಲ್ಲಿ, ಆಷಾಢದ ಮಳೆಯಲ್ಲಿ ಕೊಡೆ ಹಿಡಿದು ಓಡಬೇಕು ಅಲ್ವಾ? ಆಗುವುದಾದರೆ ಮಲಗುವ ಕೋಣೆಗೇ ಒಂದು ಕಟ್ಟಿಸಿ. ಅಡಿಕೆ ದುಡ್ಡು ಬಂದಾಗ ಮೊದಲ ಖರ್ಚು ಅದೇ ಆಗಲಿ! ಅರ್ಧ ಭಯ ಅಲ್ಲೇ ಹೋಗುತ್ತದೆ.

ಕಾಯಿಲೆ ಕೆರಳಿದಾಗ ಸುಸ್ತು ಜಾಸ್ತಿ, ಆಸೆ ಹುಟ್ಟದಿದ್ದರೆ ತಪ್ಪಲ್ಲ. ಪಕ್ಕದಲ್ಲಿ ಮಲಗಿದರೂ ಸಾಕು. ಈ ಕಾಯಿಲೆಗೆ ಕೊಡುವ ಸ್ಟೀರಾಯ್ಡ್ ಕೂಡ ನಿದ್ದೆ, ಮನಸ್ಸು ಎರಡನ್ನೂ ಕೆಡಿಸಬಹುದು.

ಮಗುವಿನ ಯೋಚನೆ ಇದ್ದರೆ ಡಾಕ್ಟರಿಗೆ ತಿಳಿಸಿ. ಈ ಕಾಯಿಲೆಗೆ ಕೊಡುವ ಸಲ್ಫಸಲಜಿನ್ ಅನ್ನುವ ಮಾತ್ರೆ ವೀರ್ಯಾಣು ಕಡಿಮೆ ಮಾಡಬಹುದು. ಬದಲಿಸಿದರೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಆದರೆ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.