ಫೋನ್‌ಪೇ ಬೋರ್ಡ್ ತೆಗೆದಿಡಬೇಕಾ?

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿಯವಳು ನಾನು. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ವರ್ಷಕ್ಕೆ ಆರೇಳು ಲಕ್ಷದ ವ್ಯಾಪಾರ. ವಾಟ್ಸಾಪ್‌ನಲ್ಲಿ ಆರ್ಡರ್ ಬಂದರೆ ಮುಂಬೈಗೂ ಕಳಿಸುತ್ತೇನೆ. ಕ್ಯೂಆರ್ ಕೋಡ್ ಯಜಮಾನರ ಖಾತೆಯದು. ಬೆಂಗಳೂರಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಯವರಿಗೆಲ್ಲ ನೋಟಿಸ್ ಬಂತಲ್ಲ, ಅಂದಿನಿಂದ ಮನೆಯಲ್ಲಿ ‘ಬೋರ್ಡ್ ತೆಗೆದಿಡು’ ಅನ್ನುತ್ತಿದ್ದಾರೆ. ಹಪ್ಪಳ ಒಣಗಿಸಲು ಡ್ರೈಯರ್ ಬೇಕು. ಸಾಲ ಸಿಗುತ್ತಾ?

ಉತ್ತರ: ಬೋರ್ಡ್ ಇರಲಿ ಅಕ್ಕ. ಖಾತೆ ಮಾತ್ರ ಬದಲಾಯಿಸಿ.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಿದ್ದು ಹೌದು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಯುಪಿಐನಲ್ಲಿ ಅದಕ್ಕಿಂತ ಜಾಸ್ತಿ ಬಂದವರನ್ನು ಹುಡುಕಿದರು. ಏನು ಮಾರಿದರು ಅನ್ನೋದು ಯುಪಿಐಗೆ ಗೊತ್ತಾಗಲ್ಲ ಅಲ್ವಾ? ಹಾಗಾಗಿ ತೆರಿಗೆಯೇ ಇಲ್ಲದ ತರಕಾರಿ, ಹಾಲು ಮಾರುವವರಿಗೂ ಹೋಯಿತು. ಗಲಾಟೆಯಾದ ಮೇಲೆ ಅಂಥವರ ನೋಟಿಸ್ ಕೈಬಿಡುತ್ತೇವೆ ಎಂದು ಸರ್ಕಾರ ಹೇಳಿತು. ಇನ್ನೊಂದು ಮಾತು, ನಗದು ತಗೊಂಡರೂ ವಹಿವಾಟು ವಹಿವಾಟೇ. ಬೋರ್ಡ್ ತೆಗೆದರೆ ಕಾನೂನೇನೂ ಬದಲಾಗಲ್ಲ.

ನೀವು ನೋಡಿಕೊಳ್ಳಬೇಕಾದ್ದು ಬೇರೆ ಇದೆ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. ಬರೀ ಹಪ್ಪಳ ಮಾರುವವರು ಎಷ್ಟೇ ಮಾರಲಿ, ಎಲ್ಲಿಗೇ ಕಳಿಸಲಿ, ನೋಂದಣಿ ಬೇಡ. ಉಪ್ಪಿನಕಾಯಿಗೆ ಮಾತ್ರ ತೆರಿಗೆ ಇದೆ. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಎರಡನ್ನೂ ಮಾರುವಾಗ 40 ಲಕ್ಷದ ಲೆಕ್ಕಕ್ಕೆ ಹಪ್ಪಳದ ದುಡ್ಡೂ ಸೇರುತ್ತದೆ. ನಿಮ್ಮದು ಆರೇಳು ಲಕ್ಷ, ಅದರ ಚಿಂತೆ ಬಿಡಿ. ಆದರೆ ಮುಂಬೈಗೆ ಹೋಗುವ ಉಪ್ಪಿನಕಾಯಿ ಬಾಟಲಿ ಇದೆಯಲ್ಲ, ತೆರಿಗೆ ಇರುವ ಇಂಥ ಸರಕು ರಾಜ್ಯದ ಗಡಿ ದಾಟಿದರೆ 40 ಲಕ್ಷದ ವಿನಾಯಿತಿ ಸಿಗಲ್ಲ, ಒಂದೇ ಬಾಟಲಿ ಆದರೂ ನೋಂದಣಿ ಬೇಕು. ಒಟ್ಟು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಸುಲಭದ ಕಂಪೋಸಿಷನ್ ಪದ್ಧತಿಯಲ್ಲಿದ್ದರೆ ಹೊರರಾಜ್ಯಕ್ಕೆ ಮಾರುವಂತೆಯೇ ಇಲ್ಲ. ಇದನ್ನು ಯಾರೂ ಹೇಳಲ್ಲ, ಎಲ್ಲರೂ ಯುಪಿಐ ಬಗ್ಗೆ ಹೆದರಿಸುತ್ತಾರೆ. ಮುಂಬೈ ಗಿರಾಕಿಗಳು ಬೆರಳೆಣಿಕೆಯಷ್ಟಿದ್ದರೆ ಅವರಿಗೆ ಹಪ್ಪಳ ಮಾತ್ರ ಕಳಿಸಿ, ಜಾಸ್ತಿ ಇದ್ದರೆ ನೋಂದಣಿ ಮಾಡಿಸಿಬಿಡಿ.

ಈಗ ಸಾಲ. ಯಜಮಾನರ ಖಾತೆಗೆ ಅಡಿಕೆ ದುಡ್ಡು ಬರುತ್ತದೆ, ಮಗ ಕಳಿಸಿದ್ದೂ ಬರುತ್ತದೆ, ಅದರ ನಡುವೆ ನಿಮ್ಮ 120, 250 ರೂಪಾಯಿಗಳು. ಬ್ಯಾಂಕಿನವರಿಗೆ ಅದರಲ್ಲಿ ನಿಮ್ಮ ವ್ಯಾಪಾರ ಕಾಣುವುದೇ ಇಲ್ಲ. ನಿಮ್ಮ ಹೆಸರಲ್ಲೇ ಬೇರೆ ಖಾತೆ ತೆಗೆಯಿರಿ, ಕ್ಯೂಆರ್ ಅದಕ್ಕೆ ಜೋಡಿಸಿ. ಮಿಡಿ, ಎಣ್ಣೆ, ಬಾಟಲಿ ಖರೀದಿಯೂ ಅದರಿಂದಲೇ ಆಗಲಿ. ಮನೆಗೆ ಬೇಕಾದ್ದನ್ನು ತಿಂಗಳಿಗೊಮ್ಮೆ ಒಟ್ಟಿಗೆ ತೆಗೆದುಕೊಳ್ಳಿ. ಒಂದು ವರ್ಷದ ಸ್ಟೇಟ್‌ಮೆಂಟ್ ಹಿಡಿದು ಹೋದರೆ ಮಾತಿನ ಧಾಟಿಯೇ ಬೇರೆ ಇರುತ್ತದೆ. ಸಣ್ಣ ವ್ಯಾಪಾರಕ್ಕೆಂದು ಕೇಂದ್ರ ಸರ್ಕಾರ 2015ರಲ್ಲಿ ಶುರು ಮಾಡಿದ ಮುದ್ರಾ ಸಾಲಕ್ಕೆ ತೋಟ, ಮನೆ ಅಡವಿಡುವುದು ಬೇಡ. ಶಿಶು ವಿಭಾಗದಲ್ಲಿ 50,000ದವರೆಗೆ, ಕಿಶೋರದಲ್ಲಿ 5 ಲಕ್ಷದವರೆಗೆ ಕೊಡುತ್ತಾರೆ. ನಿಮ್ಮ ಡ್ರೈಯರ್‌ಗೆ ಇಷ್ಟು ಸಾಕು. ಹಾಗಂತ ಅರ್ಜಿ ಹಾಕಿದವರಿಗೆಲ್ಲ ಸಿಗುವುದಿಲ್ಲ, ಕಂತು ಕಟ್ಟುವ ಶಕ್ತಿ ಇದೆಯಾ ಅಂತ ನೋಡೇ ನೋಡುತ್ತಾರೆ.

ಪ್ರಶ್ನೆ: ಅಂಕೋಲಾದಲ್ಲಿ ಸಣ್ಣ ಬೇಕರಿ ಇದೆ. ಗೋಕರ್ಣದ ಒಂದು ರೆಸಾರ್ಟ್‌ಗೆ ಬ್ರೆಡ್, ಕೇಕ್ ಕೊಡುತ್ತೇನೆ. ಮೂರು ತಿಂಗಳಿಂದ ಬಿಲ್ ಬಾಕಿ. ಕೇಳಿದರೆ ‘ಸೀಸನ್ ಮುಗೀಲಿ’ ಅನ್ನುತ್ತಾರೆ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿಗೆ ಏಜೆಂಟ್ ದುಡ್ಡು ಕೇಳುತ್ತಿದ್ದಾನೆ, ಮಾಡಿಸಬೇಕಾ?

ಉತ್ತರ: ಮಾಡಿಸಿ, ಏಜೆಂಟ್‌ಗೆ ದುಡ್ಡು ಕೊಡಬೇಡಿ. ಸರ್ಕಾರದ ಪೋರ್ಟಲ್‌ನಲ್ಲಿ ಅದು ಉಚಿತ, ಆಧಾರ್, ಪಾನ್ ಇದ್ದರೆ ಸಾಕು. ಸಣ್ಣ ತಯಾರಕರಿಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆಯೇ ಹೇಳುತ್ತದೆ. ಬರವಣಿಗೆಯ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡುವ ‘ಬ್ಯಾಂಕ್ ದರ’ದ ಮೂರು ಪಟ್ಟು ಚಕ್ರಬಡ್ಡಿ. ಆದರೆ ನೋಂದಣಿಗೆ ಮುಂಚಿನ ಬಿಲ್‌ಗಳಿಗೆ ಇದನ್ನು ಹಿಡಿದು ಜಗಳಕ್ಕೆ ಹೋದರೆ ನಿಲ್ಲುವುದು ಕಷ್ಟ, ಹಳೇ ಬಾಕಿಯನ್ನು ಮಾತಾಡಿಯೇ ವಸೂಲು ಮಾಡಿ. ಮುಂದಿನ ಪ್ರತಿ ಬಿಲ್ ಮೇಲೆ ಉದ್ಯಮ್ ನಂಬರ್ ಹಾಕಿ. ಮಾಲೀಕರಿಗಿಂತ ಮೊದಲು ಅವರ ಅಕೌಂಟೆಂಟ್‌ಗೆ ಅದು ಕಾಣುತ್ತದೆ. ಗಡುವಿನೊಳಗೆ ಕೊಡದೆ ಮಾರ್ಚ್ ಕೊನೆಗೂ ಬಾಕಿ ಉಳಿಸಿಕೊಂಡರೆ ಆ ಮೊತ್ತವನ್ನು ಅವರು ಆ ವರ್ಷದ ಖರ್ಚಿಗೆ ಹಾಕುವಂತಿಲ್ಲ, ಅವರಿಗೇ ಆದಾಯ ತೆರಿಗೆ ಜಾಸ್ತಿಯಾಗುತ್ತದೆ. ಅದಕ್ಕೂ ಜಗ್ಗದಿದ್ದರೆ ಕೇಂದ್ರದ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಕೊಡಿ. ದೂರು ಕೊಟ್ಟ ಮೇಲೆ ಆ ಗಿರಾಕಿ ಉಳಿಯೋದು ಅನುಮಾನ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಪ್ರಶ್ನೆ: ಅಮ್ಮ ಕಾರವಾರದ ಮೀನು ಮಾರ್ಕೆಟ್‌ನಲ್ಲಿ ಕೂರುತ್ತಾರೆ. ಕೀಪ್ಯಾಡ್ ಫೋನು. ಗಿರಾಕಿಗಳು ಸ್ಕ್ರೀನ್‌ಶಾಟ್ ತೋರಿಸಿ ಹೋಗಿಬಿಡುತ್ತಾರೆ.

ಉತ್ತರ: ಸ್ಕ್ರೀನ್‌ಶಾಟ್ ನಂಬಲೇಬೇಡಿ ಮಾರಾಯ್ರೆ, ನಕಲಿ ಮಾಡೋದು ಎರಡು ನಿಮಿಷದ ಕೆಲಸ. ಒಂದು ಸೌಂಡ್ ಬಾಕ್ಸ್ ಹಾಕಿಸಿ. ದುಡ್ಡು ಬಿದ್ದ ಕೂಡಲೇ ಕನ್ನಡದಲ್ಲೇ ಹೇಳುತ್ತದೆ, ಅಮ್ಮ ಫೋನ್ ಮುಟ್ಟುವುದೇ ಬೇಡ. ಅದಕ್ಕೆ ತಿಂಗಳ ಬಾಡಿಗೆ ಇರಬಹುದು, ಮೊದಲೇ ಕೇಳಿಕೊಳ್ಳಿ. ಕ್ಯೂಆರ್ ಹಾಳೆಗೆ ಲ್ಯಾಮಿನೇಷನ್ ಮಾಡಿಸಿ, ಮೀನಿನ ನೀರು ಬಿದ್ದರೆ ಸ್ಕ್ಯಾನ್ ಆಗಲ್ಲ. ಅದರ ಮೇಲೆ ಬೇರೆಯವರ ಕೋಡ್ ಅಂಟಿಸಿ ಹೋಗುವವರೂ ಇದ್ದಾರೆ. ಬೆಳಿಗ್ಗೆ ಬುಟ್ಟಿ ಇಳಿಸಿದ ಮೇಲೆ ನಿಮ್ಮ ಫೋನಿಂದ ಒಂದು ರೂಪಾಯಿ ಕಳಿಸಿ ನೋಡಿ, ಅಮ್ಮನ ಹೆಸರೇ ಬರಬೇಕು.